ಮಕ್ಕಳ ಮಧುಮೇಹ: ಸಂವೇದಕ, ಪಂಪು ಮತ್ತು ನಡುವಿನ ಹತ್ತು ನಿಮಿಷ

ಇಪ್ಪತ್ತು ಕಿಲೋಗ್ರಾಂ ತೂಕದ ಮಗುವೊಂದರ ದೇಹದಲ್ಲಿ ಸುಮಾರು ಒಂದೂವರೆ ಲೀಟರು ರಕ್ತವಿರುತ್ತದೆ. ಪ್ರತಿ ಡೆಸಿಲೀಟರು ರಕ್ತದಲ್ಲಿ 100 ಮಿಲಿಗ್ರಾಂ ಗ್ಲೂಕೋಸ್ ಇದೆಯೆಂದು ಹಿಡಿದರೆ, ಇಡೀ ರಕ್ತದಲ್ಲಿ ಕರಗಿರುವ ಗ್ಲೂಕೋಸ್ ಒಂದೂವರೆ ಗ್ರಾಂ ಮಾತ್ರ. ಚಹಾ ಚಮಚೆಯ ಮೂರನೆಯ ಒಂದು ಪಾಲು ಸಕ್ಕರೆ ತೆಗೆದುಕೊಂಡರೆ ಅಷ್ಟಾಯಿತು. ಅದೇ ಮಗು ಮಧ್ಯಾಹ್ನ ಉಣ್ಣುವ ಒಂದು ಜೋಳದ ರೊಟ್ಟಿಯಲ್ಲಿ 30ರಿಂದ 40 ಗ್ರಾಂ ಪಿಷ್ಟವಿರುತ್ತದೆ. ಪಿಷ್ಟವೆಲ್ಲ ಜೀರ್ಣವಾಗಿ ಗ್ಲೂಕೋಸ್ ಆಗಿಯೇ ರಕ್ತಕ್ಕೆ ಇಳಿಯಬೇಕು. ಅಂದರೆ ರಕ್ತದಲ್ಲಿ ಇರುವುದಕ್ಕಿಂತ ಇಪ್ಪತ್ತು ಪಟ್ಟಿಗೂ ಹೆಚ್ಚು ಗ್ಲೂಕೋಸ್ ಎರಡು ಮೂರು ಗಂಟೆಗಳಲ್ಲಿ ಆ ಸಣ್ಣ ಕೊಳಕ್ಕೆ ಬಂದು ಬೀಳುತ್ತದೆ. ಆದರೂ ಆರೋಗ್ಯವಂತ ಮಗುವಿನಲ್ಲಿ ಮಟ್ಟ 140ನ್ನು ದಾಟುವುದು ಅಪರೂಪ. ಬಂದಷ್ಟನ್ನೂ ಜೀವಕೋಶಗಳಿಗೆ ಹಂಚುವ ಇನ್ಸುಲಿನ್ ಹೊತ್ತಿಗೆ ಸರಿಯಾಗಿ ಬರುತ್ತಿರುವುದೇ ಇದಕ್ಕೆ ಕಾರಣ.

ಮೇದೋಜೀರಕ ಗ್ರಂಥಿಯಲ್ಲಿರುವ ಬೀಟಾ ಕೋಶಗಳು ಈ ಕೆಲಸವನ್ನು ಮಾಡುತ್ತವೆ. ಗ್ಲೂಕೋಸನ್ನು ಅಳೆಯುವುದೂ ಅವೇ, ಇನ್ಸುಲಿನ್ ಬಿಡುವುದೂ ಅವೇ. ಮೊದಲನೆಯ ವಿಧದ ಮಧುಮೇಹದಲ್ಲಿ ದೇಹದ ರಕ್ಷಣಾ ವ್ಯವಸ್ಥೆಯೇ ತಪ್ಪಿ ಈ ಕೋಶಗಳನ್ನು ನಾಶಮಾಡುತ್ತದೆ. ಮಗು ಸಿಹಿ ಹೆಚ್ಚು ತಿಂದದ್ದರಿಂದಾಗಲಿ, ತಾಯಿ ಬಸುರಿಯಲ್ಲಿ ಪಥ್ಯ ಮಾಡದ್ದರಿಂದಾಗಲಿ ಇದು ಬರುವುದಿಲ್ಲ. ನಮ್ಮ ಕಡೆ ಈ ಮಾತನ್ನು ಎಷ್ಟು ಸಲ ಹೇಳಿದರೂ ಕಡಿಮೆಯೇ. ಹೆಣ್ಣುಮಗುವಿಗೆ ಈ ಕಾಯಿಲೆ ಬಂದ ಮನೆಯಲ್ಲಿ ಅದನ್ನು ನೆರೆಯವರಿಂದ ಮುಚ್ಚಿಡುವುದು ಇನ್ನೂ ನಡೆದೇ ಇದೆ. ಕರ್ನಾಟಕದಲ್ಲಿ 1995ರಿಂದ 2008ರವರೆಗೆ ನಡೆದ ಮಧುಮೇಹ ನೋಂದಣಿಯ ಪ್ರಕಾರ ವರ್ಷಕ್ಕೆ ಪ್ರತಿ ಲಕ್ಷ ಗಂಡುಮಕ್ಕಳಲ್ಲಿ 3.7, ಹೆಣ್ಣುಮಕ್ಕಳಲ್ಲಿ 4.0 ಹೊಸ ಪ್ರಕರಣಗಳು. ಸಂಖ್ಯೆ ಸಣ್ಣದೆನಿಸಬಹುದು. ಆದರೆ ಈ ಮಕ್ಕಳಿಗೆ ಇನ್ಸುಲಿನ್ ಜೀವನಪರ್ಯಂತ ಬೇಕು, ಒಂದು ದಿನವೂ ತಪ್ಪುವಂತಿಲ್ಲ.

ಅಳೆಯುವುದು ಮತ್ತು ಬಿಡುವುದು ಎಂಬ ಬೀಟಾ ಕೋಶದ ಎರಡು ಕೆಲಸಗಳನ್ನು ಇಂದು ಎರಡು ಯಂತ್ರಗಳು ಹಂಚಿಕೊಂಡಿವೆ. ಅಳೆಯುವುದು ನಿರಂತರ ಗ್ಲೂಕೋಸ್ ಸಂವೇದಕ. ಬಿಡುವುದು ಇನ್ಸುಲಿನ್ ಪಂಪು. ಇವುಗಳನ್ನು ಜೋಡಿಸಿದ ವ್ಯವಸ್ಥೆಗೆ ಪತ್ರಿಕೆಗಳು 'ಕೃತಕ ಮೇದೋಜೀರಕ' ಎಂಬ ದೊಡ್ಡ ಹೆಸರನ್ನು ಕೊಟ್ಟಿವೆ. ಹೆಸರು ಸ್ವಲ್ಪ ಅತಿಯಾಯಿತೆಂದು ನನ್ನ ಅಭಿಪ್ರಾಯ. ಏಕೆಂಬುದು ಮುಂದೆ ತಿಳಿಯುತ್ತದೆ.

ಹನಿಯ ಲೆಕ್ಕ

ಮೊದಲು ಪಂಪು. 1963ರಲ್ಲಿ ಲಾಸ್ ಏಂಜಲೀಸ್‌ನ ಆರ್ನಾಲ್ಡ್ ಕಾಡಿಶ್ ಎಂಬ ವೈದ್ಯರು ತಯಾರಿಸಿದ ಪಂಪನ್ನು ಬೆನ್ನಿಗೆ ಚೀಲದಂತೆ ಹೊರಬೇಕಿತ್ತು. ಇಂದಿನದು ಅಂಗೈಯಲ್ಲಿ ಹಿಡಿಸುತ್ತದೆ. ಒಳಗೆ ಒಂದು ಸಣ್ಣ ಮೋಟಾರು, ಅದು ತಿರುಗಿಸುವ ತಿರುಪು, ತಿರುಪು ತಳ್ಳುವ ಪಿಸ್ಟನ್ನು, ಪಿಸ್ಟನ್ನಿನ ಮುಂದೆ ಇನ್ಸುಲಿನ್ ತುಂಬಿದ ಕೊಳವೆ. ಅಲ್ಲಿಂದ ತೆಳುವಾದ ನಳಿಕೆಯೊಂದು ಹೊಟ್ಟೆಯ ಅಥವಾ ತೊಡೆಯ ಚರ್ಮದಡಿಗೆ ಹೋಗುತ್ತದೆ. ನಳಿಕೆಯ ತುದಿಯನ್ನು ಎರಡು ಮೂರು ದಿನಕ್ಕೊಮ್ಮೆ ಬದಲಿಸಬೇಕು.

ಪಂಪಿನ ಹಿರಿಮೆಯಿರುವುದು ಸಣ್ಣ ಪ್ರಮಾಣವನ್ನು ಕರಾರುವಾಕ್ಕಾಗಿ ಕೊಡುವುದರಲ್ಲಿ. ಪಂಪಿನಲ್ಲಿ ಬಳಸುವ ಇನ್ಸುಲಿನ್ ಮಿಲಿಲೀಟರಿಗೆ 100 ಯೂನಿಟ್ ಸಾಂದ್ರತೆಯದು. ಒಂದು ಯೂನಿಟ್ ಎಂದರೆ 10 ಮೈಕ್ರೊಲೀಟರು. ನಮ್ಮ 20 ಕಿಲೋ ಮಗುವಿಗೆ ಊಟದ ಹೊತ್ತಿನದನ್ನು ಬಿಟ್ಟು ಹಿನ್ನೆಲೆಯಲ್ಲಿ ದಿನವಿಡೀ ಬೇಕಾಗುವುದು 6 ಯೂನಿಟ್ ಎಂದುಕೊಳ್ಳೋಣ. ಗಂಟೆಗೆ ಕಾಲು ಯೂನಿಟ್, ಎಂದರೆ ಎರಡೂವರೆ ಮೈಕ್ರೊಲೀಟರು. ನಲ್ಲಿಯಿಂದ ಬೀಳುವ ಒಂದು ಹನಿ ನೀರು ಸುಮಾರು 50 ಮೈಕ್ರೊಲೀಟರು. ಅಷ್ಟು ಸಣ್ಣ ಹನಿಯೊಂದನ್ನು ಪಂಪು ಇಪ್ಪತ್ತು ಗಂಟೆಗಳ ಕಾಲ ಹಂಚಿ ಹಂಚಿ ಕೊಡುತ್ತದೆ! ಸಿರಿಂಜಿನಿಂದ ಇದು ಆಗುವ ಮಾತಲ್ಲ.

ಇಲ್ಲಿಯೇ ಒಂದು ಎಚ್ಚರಿಕೆ. ನಮ್ಮ ದೇಶದ ಔಷಧದಂಗಡಿಗಳಲ್ಲಿ ಮಿಲಿಲೀಟರಿಗೆ 40 ಯೂನಿಟ್ ಇರುವ ಇನ್ಸುಲಿನ್ ಬಾಟಲಿಗಳೂ ದೊರೆಯುತ್ತವೆ. ಅವಕ್ಕೆ ಸಿರಿಂಜೂ ಬೇರೆ. 40ರ ಇನ್ಸುಲಿನ್ನನ್ನು ಪಂಪಿಗೆ ತುಂಬಿದರೆ ಪಂಪು ಒಂದು ಯೂನಿಟ್ ಎಂದು ಲೆಕ್ಕವಿಟ್ಟಾಗ ದೇಹಕ್ಕೆ ಸೇರುವುದು 0.4 ಯೂನಿಟ್ ಮಾತ್ರ. ಇದಕ್ಕೆ ಪ್ರತಿಯಾಗಿ, 100ರ ಇನ್ಸುಲಿನ್ನನ್ನು 40ರ ಸಿರಿಂಜಿನಲ್ಲಿ ಎಳೆದುಕೊಂಡರೆ ಬೇಕಾದುದಕ್ಕಿಂತ ಎರಡೂವರೆ ಪಟ್ಟು ಹೋಗುತ್ತದೆ. ಬಾಟಲಿಯ ಮೇಲಿನ ಅಂಕಿಯನ್ನು ಓದದೆ ಕೊಳ್ಳಬಾರದು.

ಸಕ್ಕರೆಯನ್ನು ವಿದ್ಯುತ್ತಾಗಿ ಓದುವುದು

ಬೆರಳ ತುದಿಗೆ ಸೂಜಿ ಚುಚ್ಚಿ ಪಟ್ಟಿಯ ಮೇಲೆ ಹನಿ ರಕ್ತ ಹಾಕಿ ಅಳೆಯುವ ಸಾಧನವನ್ನು ಓದುಗರು ನೋಡಿರುತ್ತಾರೆ. ದಿನಕ್ಕೆ ನಾಲ್ಕು ಬಾರಿ ಚುಚ್ಚಿದರೂ ಸಿಗುವುದು ನಾಲ್ಕು ಬಿಂದುಗಳು. ರಾತ್ರಿ ಹತ್ತರಿಂದ ಬೆಳಿಗ್ಗೆ ಆರರವರೆಗೆ ಏನಾಯಿತೆಂಬುದು ಕತ್ತಲಲ್ಲೇ ಉಳಿಯುತ್ತದೆ. ಸಂವೇದಕ ಪ್ರತಿ ಐದು ನಿಮಿಷಕ್ಕೊಮ್ಮೆ ಓದಿದರೆ ದಿನಕ್ಕೆ 288 ಬಿಂದುಗಳಾಗುತ್ತವೆ, ಅವು ಸೇರಿ ಒಂದು ರೇಖೆಯಾಗುತ್ತದೆ.

ಇದರ ಮೂಲ ತತ್ವವನ್ನು ಅಮೆರಿಕದ ಲೀಲ್ಯಾಂಡ್ ಕ್ಲಾರ್ಕ್ 1962ರಲ್ಲಿ ಸೂಚಿಸಿದರು. ರಕ್ತದ ಆಮ್ಲಜನಕವನ್ನು ಅಳೆಯುವ ಎಲೆಕ್ಟ್ರೋಡನ್ನು ಅವರು ಅದಕ್ಕೆ ಮೊದಲೇ ರೂಪಿಸಿದ್ದರು. ಆ ಎಲೆಕ್ಟ್ರೋಡಿನ ಮೇಲೆ ಗ್ಲೂಕೋಸ್ ಆಕ್ಸಿಡೇಸ್ ಎಂಬ ಕಿಣ್ವದ ಪದರವೊಂದನ್ನು ಹಿಡಿದಿಟ್ಟರೆ ಗ್ಲೂಕೋಸನ್ನೂ ಅಳೆಯಬಹುದೆಂಬುದು ಅವರ ಕಲ್ಪನೆ. ಈ ಕಿಣ್ವ ನೂರಾರು ಸಂಯುಕ್ತಗಳ ನಡುವೆ ಗ್ಲೂಕೋಸನ್ನೇ ಆರಿಸಿ ಹಿಡಿಯುತ್ತದೆ. ಆಮ್ಲಜನಕದ ನೆರವಿನಿಂದ ಅದನ್ನು ಉತ್ಕರ್ಷಿಸುತ್ತದೆ. ಆಗ ಹೈಡ್ರೊಜನ್ ಪೆರಾಕ್ಸೈಡ್ ಹುಟ್ಟುತ್ತದೆ. ಪ್ಲಾಟಿನಂ ಎಲೆಕ್ಟ್ರೋಡಿಗೆ ಸುಮಾರು 0.6 ವೋಲ್ಟ್ ವಿಭವ ಕೊಟ್ಟರೆ ಪೆರಾಕ್ಸೈಡಿನ ಪ್ರತಿ ಅಣುವೂ ಎರಡು ಇಲೆಕ್ಟ್ರಾನುಗಳನ್ನು ಬಿಟ್ಟುಕೊಡುತ್ತದೆ. ಗ್ಲೂಕೋಸ್ ಹೆಚ್ಚಿದಷ್ಟೂ ಪ್ರವಾಹ ಹೆಚ್ಚು.

ಈ ಪ್ರವಾಹ ಎಷ್ಟು? ಕೆಲವು ನ್ಯಾನೊ ಆಂಪಿಯರುಗಳಿಂದ ಕೆಲವು ಹತ್ತು ನ್ಯಾನೊ ಆಂಪಿಯರುಗಳವರೆಗೆ. 10 ನ್ಯಾನೊ ಆಂಪಿಯರ್ ಪ್ರವಾಹ 14 ದಿನ ಎಡೆಬಿಡದೆ ಹರಿದರೂ ಖರ್ಚಾಗುವ ಗ್ಲೂಕೋಸ್ ಸುಮಾರು 11 ಮೈಕ್ರೊಗ್ರಾಂ. ಸಕ್ಕರೆಯ ಒಂದು ಹರಳೂ ಇದಕ್ಕಿಂತ ಎಷ್ಟೋ ಪಟ್ಟು ಭಾರ. ಫ್ಯಾರಡೆಯ ನಿಯಮವನ್ನು ಪಿಯುಸಿಯಲ್ಲಿ ಓದಿದ ವಿದ್ಯಾರ್ಥಿ ಈ ಲೆಕ್ಕವನ್ನು ತಾನೇ ಮಾಡಿ ನೋಡಬಹುದು.

ತತ್ವ ಸರಳವಾದರೂ ಚರ್ಮದಡಿಯಲ್ಲಿ ಒಂದು ತೊಡಕಿದೆ. ಅಲ್ಲಿ ಗ್ಲೂಕೋಸ್ ಹೇರಳ, ಆಮ್ಲಜನಕ ಅದರ ನೂರರಲ್ಲೊಂದು ಪಾಲಿನಷ್ಟು ಮಾತ್ರ. ಆಮ್ಲಜನಕ ಸಾಲದಿದ್ದರೆ ಪ್ರವಾಹವು ಗ್ಲೂಕೋಸನ್ನಲ್ಲ, ಆಮ್ಲಜನಕವನ್ನು ಹೇಳತೊಡಗುತ್ತದೆ. ಆದ್ದರಿಂದ ಕಿಣ್ವದ ಮೇಲೆ ಇನ್ನೊಂದು ಪೊರೆಯನ್ನು ಹೊದಿಸುತ್ತಾರೆ. ಇದು ಆಮ್ಲಜನಕವನ್ನು ಸಲೀಸಾಗಿ ಒಳಬಿಟ್ಟು ಗ್ಲೂಕೋಸನ್ನು ಜರಡಿ ಹಿಡಿದಂತೆ ತಡೆತಡೆದು ಬಿಡುತ್ತದೆ. ಸಂವೇದಕ ತಯಾರಿಕೆಯ ಗುಟ್ಟೆಲ್ಲ ಈ ಪೊರೆಯಲ್ಲಿದೆ ಎಂದರೆ ತಪ್ಪಾಗದು. ಟೆಕ್ಸಾಸ್ ವಿಶ್ವವಿದ್ಯಾಲಯದ ಆಡಂ ಹೆಲ್ಲರ್ ಬೇರೆ ದಾರಿ ಹಿಡಿದರು. ಅವರು ಆಸ್ಮಿಯಂ ಲೋಹದ ಸಂಯುಕ್ತಗಳ ಮೂಲಕ ಕಿಣ್ವದಿಂದ ನೇರವಾಗಿ ಇಲೆಕ್ಟ್ರಾನು ಸೆಳೆಯುವ 'ತಂತಿ ಕಟ್ಟಿದ ಕಿಣ್ವ'ವನ್ನು ರೂಪಿಸಿದರು. ಇದಕ್ಕೆ ಆಮ್ಲಜನಕದ ಹಂಗಿಲ್ಲ, ಕಡಿಮೆ ವಿಭವವೂ ಸಾಕು. 2014ರಲ್ಲಿ ಯೂರೋಪಿನಲ್ಲಿ ಮಾರಾಟಕ್ಕೆ ಬಂದ, ಬೆರಳು ಚುಚ್ಚಿ ಸರಿಹೊಂದಿಸಬೇಕಾಗಿಲ್ಲದ ಫ್ರೀಸ್ಟೈಲ್ ಲಿಬ್ರೆ ಈ ದಾರಿಯದು.

ವಿಭವ ಹೆಚ್ಚಿದ್ದಲ್ಲಿ ಪೆರಾಕ್ಸೈಡಿನ ಜೊತೆಗೆ ಬೇರೆ ಸಂಯುಕ್ತಗಳೂ ಇಲೆಕ್ಟ್ರಾನು ಕೊಡುತ್ತವೆ. ಜ್ವರ ಬಂದ ಮಗುವಿಗೆ ಕೊಡುವ ಪ್ಯಾರಸಿಟಮಾಲ್ ಅಂಥದೊಂದು. ಕೆಲವು ಸಂವೇದಕಗಳಲ್ಲಿ ಈ ಮಾತ್ರೆಯಿಂದ ಅಂಕಿ ಸುಳ್ಳಾಗಿ ಏರುತ್ತದೆ. ಸಂವೇದಕವನ್ನು ನಂಬಿ ಪಂಪು ತಾನಾಗಿ ಇನ್ಸುಲಿನ್ ಬಿಡುವ ವ್ಯವಸ್ಥೆಯಲ್ಲಿ ಇದು ಅಪಾಯಕರ. ತಮ್ಮ ಮಗುವಿನ ಸಂವೇದಕ ಯಾವ ಔಷಧಿಗೆ ಮೋಸಹೋಗುತ್ತದೆಂಬುದನ್ನು ತಂದೆತಾಯಿಗಳು ವೈದ್ಯರಿಂದ ಮೊದಲೇ ಕೇಳಿ ಬರೆದಿಟ್ಟುಕೊಳ್ಳಬೇಕು.

ಯಾವುದು ಖರೆ?

"ಬೆರಳಿಂದು ಒಂದು ಹೇಳತದ, ತೋಳಿಂದು ಒಂದು ಹೇಳತದ. ಯಾವುದು ಖರೆ ರೀ ಸರ್?" ಮಗನ ತೋಳಿಗೆ ಸಂವೇದಕ ಹಾಕಿಸಿದ ಪರಿಚಿತರೊಬ್ಬರು ನನ್ನನ್ನು ಹೀಗೆ ಕೇಳಿದರು. ಭೌತವಿಜ್ಞಾನದವನಿಗೆ ಕೇಳಬೇಕಾದ ಪ್ರಶ್ನೆಯೇ ಇದು. ಉತ್ತರ: ಎರಡೂ ಖರೆ, ಆದರೆ ಎರಡೂ ಒಂದೇ ಹೊತ್ತಿನವಲ್ಲ.

ಸಂವೇದಕದ ಎಳೆ ರಕ್ತನಾಳದೊಳಗೆ ಇರುವುದಿಲ್ಲ. ಚರ್ಮದಡಿ ಅರ್ಧ ಸೆಂಟಿಮೀಟರಿನಷ್ಟು ಆಳದಲ್ಲಿ, ಜೀವಕೋಶಗಳ ನಡುವಿನ ದ್ರವದಲ್ಲಿ ಇರುತ್ತದೆ. ಗ್ಲೂಕೋಸ್ ಲೋಮನಾಳದ ಗೋಡೆ ದಾಟಿ, ಆ ದ್ರವದಲ್ಲಿ ವಿಸರಣೆಗೊಂಡು, ಸಂವೇದಕದ ಪೊರೆಯನ್ನೂ ದಾಟಿ ಕಿಣ್ವವನ್ನು ಮುಟ್ಟಬೇಕು. ಇದಕ್ಕೆ ಐದರಿಂದ ಹತ್ತು ನಿಮಿಷ ಹಿಡಿಯುತ್ತದೆ. ಕುದಿವ ನೀರಿಗೆ ಅದ್ದಿದ ಥರ್ಮಾಮೀಟರಿನ ಪಾದರಸ ಆ ಕ್ಷಣವೇ 100ಕ್ಕೆ ಏರುವುದಿಲ್ಲವಷ್ಟೆ, ಇದೂ ಹಾಗೆಯೇ.

ಗ್ಲೂಕೋಸ್ ನಿಂತ ನೀರಿನಂತೆ ಇದ್ದರೆ ಈ ವಿಳಂಬದಿಂದ ನಷ್ಟವಿಲ್ಲ. ಆಟವಾಡುತ್ತಿರುವ ಮಗುವಿನಲ್ಲಿ ಅದು ನಿಮಿಷಕ್ಕೆ 3 ಮಿಲಿಗ್ರಾಂನಂತೆ ಇಳಿಯುತ್ತಿದೆ ಎನ್ನಿ. ಹತ್ತು ನಿಮಿಷದ ವಿಳಂಬವೆಂದರೆ 30 ಮಿಲಿಗ್ರಾಂ ವ್ಯತ್ಯಾಸ. ಪರದೆಯ ಮೇಲೆ 95 ಎಂದು ಕಾಣುವಾಗ ರಕ್ತದಲ್ಲಿ 65 ಇರುತ್ತದೆ. 70ಕ್ಕಿಂತ ಕೆಳಗಿಳಿದರೆ ಗ್ಲೂಕೋಸ್ ಕೊರತೆ. 54ಕ್ಕಿಂತ ಕೆಳಗೆ ಮಗು ಮಂಕಾಗಬಹುದು, ಇನ್ನೂ ಇಳಿದರೆ ಪ್ರಜ್ಞೆ ತಪ್ಪಬಹುದು, ಸೆಳವು ಬರಬಹುದು. ಹೀಗಿರುವಾಗ 95ನ್ನು ನೋಡಿ ನಿಶ್ಚಿಂತೆಯಿಂದ ಇರುವುದು ಸರಿಯೆ?

ಅದಕ್ಕೇ ಅಂಕಿಯ ಪಕ್ಕದಲ್ಲಿ ಬಾಣದ ಗುರುತು ಇರುವುದು. ಅಡ್ಡ ಬಾಣವೆಂದರೆ ಮಟ್ಟ ಸ್ಥಿರ. ಓರೆಯಾದದ್ದು ನಿಧಾನ ಬದಲಾವಣೆ. ನೇರ ಕೆಳಮುಖವಾದದ್ದು ರಭಸದ ಇಳಿತ. ಬಾಣಕ್ಕೆ ಎಷ್ಟು ವೇಗವೆಂಬುದು ಕಂಪನಿಯಿಂದ ಕಂಪನಿಗೆ ಬೇರೆ. ಸಂವೇದಕದ ನಿಜವಾದ ಕೊಡುಗೆ ಅಂಕಿಯಲ್ಲ, ಈ ಬಾಣ. ಬೆರಳ ಪಟ್ಟಿ ಎಷ್ಟೇ ನಿಖರವಾಗಿದ್ದರೂ ಇಳಿಜಾರನ್ನು ಹೇಳಲಾರದು. ಒಂದು ಬಿಂದುವಿನಿಂದ ಇಳಿಜಾರು ತಿಳಿಯುವುದಿಲ್ಲವೆಂಬುದು ಕಲನಶಾಸ್ತ್ರದ ಮೊದಲ ಪಾಠ. 95 ಮತ್ತು ಅಡ್ಡ ಬಾಣ ಇದ್ದರೆ ಮಗು ಆಡಲಿ. 95 ಮತ್ತು ಕೆಳಮುಖ ಬಾಣ ಇದ್ದರೆ ಕೂರಿಸಿ ಬೆಲ್ಲವೋ ಬಾಳೆಹಣ್ಣೋ ಕೊಡಬೇಕು.

ಏರುವಾಗಲೂ ಇದೇ ವಿಳಂಬ ಕಾಡುತ್ತದೆ. ಗ್ಲೂಕೋಸ್ ಇಳಿದ ಮಗುವಿಗೆ ಪ್ರತಿ ಕಿಲೋ ತೂಕಕ್ಕೆ 0.3 ಗ್ರಾಂನಂತೆ, ಎಂದರೆ ನಮ್ಮ 20 ಕಿಲೋ ಮಗುವಿಗೆ 6 ಗ್ರಾಂ, ಗ್ಲೂಕೋಸ್ ಪುಡಿ ಅಥವಾ ಸಕ್ಕರೆ ಕೊಟ್ಟರೆ ಸಾಮಾನ್ಯವಾಗಿ ಸಾಕು. ರಕ್ತದಲ್ಲಿ ಮಟ್ಟ ಏರಿದ್ದರೂ ಸಂವೇದಕ ಇನ್ನೂ 60 ಎನ್ನುತ್ತಿರುತ್ತದೆ. ಹೆದರಿದ ತಾಯಿ ಮತ್ತೆ ಸಕ್ಕರೆ, ಮೇಲೊಂದು ಪೇಡೆ ಕೊಡುತ್ತಾಳೆ. ಒಂದು ಗಂಟೆಯ ನಂತರ 280! ಇಂಥ ಹೊತ್ತಿನಲ್ಲಿ ಹದಿನೈದು ನಿಮಿಷ ಕಾದು ಬೆರಳಿನ ರಕ್ತವನ್ನೇ ನೋಡಬೇಕು. ಮಗುವಿನ ಚರ್ಯೆಗೂ ಸಂವೇದಕದ ಅಂಕಿಗೂ ತಾಳೆಯಾಗದಿದ್ದಾಗಲೂ ಹಾಗೆಯೇ. ಇಂದಿನ ಒಳ್ಳೆಯ ಸಂವೇದಕಗಳ ಸರಾಸರಿ ವ್ಯತ್ಯಾಸ ಶೇಕಡ 8ರಿಂದ 10. ಸರಾಸರಿ ಎಂಬ ಮಾತನ್ನು ಮರೆಯಬಾರದು. ಒಂದೊಂದು ಓದು ಇನ್ನೂ ದೂರ ಹೋಗಬಹುದು, ಹಾಕಿದ ಮೊದಲ ದಿನವಂತೂ ಹೆಚ್ಚು.

ಇನ್ನೊಂದು ವಿಚಿತ್ರ ದೋಷವಿದೆ. ಸಂವೇದಕವಿರುವ ತೋಳನ್ನು ಅಡಿಗೆ ಹಾಕಿ ಮಗು ಮಲಗಿದರೆ ಅಲ್ಲಿನ ಅಂಗಾಂಶ ಒತ್ತಿಹೋಗಿ ರಕ್ತಸಂಚಾರ ಕುಗ್ಗುತ್ತದೆ. ಅಂಕಿ ಥಟ್ಟನೆ ಕುಸಿದು ನಡುರಾತ್ರಿ ಗಂಟೆ ಬಾರಿಸುತ್ತದೆ. ಮಗುವನ್ನು ಮಗ್ಗುಲು ತಿರುಗಿಸಿದರೆ ಹತ್ತಿಪ್ಪತ್ತು ನಿಮಿಷದಲ್ಲಿ ರೇಖೆ ತಾನಾಗಿ ಮೇಲೇರುತ್ತದೆ.

ಕಾಲುವೆಯ ಗೇಟು

ಈಗ ಸಂವೇದಕವನ್ನು ಪಂಪಿಗೆ ಜೋಡಿಸೋಣ. ನಮ್ಮ ಸಗರನಾಡಿನ ಶಹಾಪುರ, ಸುರಪುರ ತಾಲ್ಲೂಕುಗಳ ರೈತರಿಗೆ ಇದನ್ನು ವಿವರಿಸಲು ಪುಸ್ತಕ ಬೇಕಿಲ್ಲ, ನಾರಾಯಣಪುರ ಎಡದಂಡೆ ಕಾಲುವೆ ಸಾಕು. ಕಾಲುವೆಯ ಕೊನೆಯ ಭಾಗದಲ್ಲಿ ನೀರು ಸಾಲದೆಂಬ ಸುದ್ದಿ ಮೇಲಕ್ಕೆ ತಲುಪಲು ಹೊತ್ತು ಬೇಕು. ಸುದ್ದಿ ತಲುಪಿ ಬಸವಸಾಗರದಲ್ಲಿ ಗೇಟು ಎತ್ತಿದರೂ ನೀರು ಕೊನೆಯ ಹೊಲಕ್ಕೆ ಬರಲು ಮತ್ತೆ ಹೊತ್ತು ಬೇಕು. ನಡುವೆ ಮಳೆ ಬಂದರೆ? ಗೇಟು ಮುಚ್ಚಬಹುದು, ಆದರೆ ಆಗಲೇ ಕಾಲುವೆಗೆ ಬಿದ್ದ ನೀರನ್ನು ಹಿಂದಕ್ಕೆ ಕರೆಯಲಾಗದು.

ಮಗುವಿನ ದೇಹದಲ್ಲಿಯೂ ಎರಡು ವಿಳಂಬಗಳು. ಸುದ್ದಿಯ ವಿಳಂಬ ಸಂವೇದಕದ ಹತ್ತು ನಿಮಿಷ. ನೀರಿನ ವಿಳಂಬ ಇದಕ್ಕಿಂತ ದೊಡ್ಡದು. ಚರ್ಮದಡಿಗೆ ಬಿಟ್ಟ ವೇಗದ ಇನ್ಸುಲಿನ್ ಕೆಲಸ ಆರಂಭಿಸಲು ಹತ್ತು ಹದಿನೈದು ನಿಮಿಷ, ಶಿಖರ ಮುಟ್ಟಲು ಒಂದರಿಂದ ಒಂದೂವರೆ ಗಂಟೆ, ಪೂರ್ತಿ ಮುಗಿಯಲು ಮೂರರಿಂದ ಐದು ಗಂಟೆ. ಜೊತೆಗೆ ಬಿಟ್ಟದ್ದನ್ನು ಹಿಂದೆಗೆಯುವ ಉಪಾಯ ಈ ಯಂತ್ರಗಳಲ್ಲಿ ಇಲ್ಲ. ಆರೋಗ್ಯವಂತ ಮೇದೋಜೀರಕಕ್ಕೆ ಗ್ಲೂಕೋಸನ್ನು ಏರಿಸುವ ಗ್ಲುಕಗಾನ್ ಎಂಬ ಇನ್ನೊಂದು ಹಾರ್ಮೋನೂ ಕೈಯಲ್ಲಿದೆ. ಪಂಪಿಗಿರುವುದು ಒಂದೇ ಗೇಟು. 'ಕೃತಕ ಮೇದೋಜೀರಕ' ಎಂಬ ಹೆಸರು ಅತಿಯೆಂದು ಹೇಳಿದ್ದು ಇದಕ್ಕೇ.

ವಿಳಂಬವಿರುವ ವ್ಯವಸ್ಥೆಯಲ್ಲಿ ಆತುರಪಟ್ಟು ಬಲವಾಗಿ ತಿದ್ದಲು ಹೋದರೆ ಅದು ತೂಗಾಡತೊಡಗುತ್ತದೆ. ಇದು ಭೌತವಿಜ್ಞಾನದ ನಿಯಮ, ಯಾರ ತಪ್ಪೂ ಅಲ್ಲ. 300 ಕಂಡು ಇನ್ಸುಲಿನ್ ಕೊಟ್ಟು, ಅರ್ಧ ಗಂಟೆಯಲ್ಲಿ ಇಳಿಯಲಿಲ್ಲವೆಂದು ಮತ್ತೆ ಕೊಟ್ಟು, ಇನ್ನೂ ಇಳಿಯಲಿಲ್ಲವೆಂದು ಮೂರನೆಯ ಸಲ ಕೊಟ್ಟರೆ ಮೂರೂ ಸೇರಿ ಎರಡು ಗಂಟೆಯ ಮೇಲೆ ಮಗುವನ್ನು 50ಕ್ಕೆ ಇಳಿಸುತ್ತವೆ. ಆದ್ದರಿಂದ ಪಂಪಿನ ಗಣಕ ಆಗಲೇ ಬಿಟ್ಟು ಇನ್ನೂ ಕೆಲಸ ಮುಗಿಸದ ಇನ್ಸುಲಿನ್ ಎಷ್ಟೆಂದು, ಕಾಲುವೆಯಲ್ಲಿ ದಾರಿಯಲ್ಲಿರುವ ನೀರಿನ ಲೆಕ್ಕದಂತೆ, ಸದಾ ಲೆಕ್ಕವಿಡುತ್ತದೆ. ಈಗಿನ ಅಂಕಿಯನ್ನಲ್ಲ, ಅರ್ಧ ಗಂಟೆಯ ಮುಂದೆ ಎಷ್ಟಾಗಬಹುದೆಂಬ ಅಂದಾಜನ್ನು ನೋಡಿ ತೀರ್ಮಾನಿಸುತ್ತದೆ. ಅಂದಾಜು ತೀರ ಕೆಳಗಿದ್ದರೆ ಇನ್ಸುಲಿನ್ ನಿಲ್ಲಿಸುತ್ತದೆ. ಕೃಷ್ಣಾ ಭಾಗ್ಯ ಜಲ ನಿಗಮ ನಾರಾಯಣಪುರ ಎಡದಂಡೆ ಕಾಲುವೆಗೆ ಅಳವಡಿಸಿರುವ ಸ್ಕಾಡಾ ಗೇಟುಗಳನ್ನು ನೋಡಿದವರಿಗೆ ಈ ಮಾತು ಬೇಗ ಹಿಡಿಸೀತು. ಅಲ್ಲಿಯೂ ಮಟ್ಟವನ್ನು ಅಳೆದು, ಆ ಅಳತೆಯ ಮೇಲೆ ಗೇಟನ್ನು ಎಷ್ಟು ಎತ್ತಬೇಕೆಂದು ತೀರ್ಮಾನಿಸುವ ಕ್ರಮವೇ ಇರುವುದು.

ಈ ಹಂತಕ್ಕೆ ಬರಲು ಕಾಲ ಹಿಡಿಯಿತು. 1999ರಲ್ಲಿ ಅಮೆರಿಕದಲ್ಲಿ ಅನುಮತಿ ಪಡೆದ ಮೊದಲ ನಿರಂತರ ಮಾಪಕವನ್ನು ಮೂರು ದಿನ ಧರಿಸಿ ಆಸ್ಪತ್ರೆಗೆ ಒಪ್ಪಿಸಿದ ಮೇಲೆ ವೈದ್ಯರು ಓದಬೇಕಿತ್ತು. ಸಂವೇದಕದ ಮಾತು ಕೇಳಿ ಹಿನ್ನೆಲೆಯ ಇನ್ಸುಲಿನ್ನನ್ನು ತಾನೇ ಏರಿಳಿಸುವ ಮೊದಲ ಪಂಪಿಗೆ ಅಲ್ಲಿ ಅನುಮತಿ ದೊರೆತದ್ದು 2016ರಲ್ಲಿ. ಊಟದ ಇನ್ಸುಲಿನ್ನನ್ನು ಮಾತ್ರ ಇಂದಿಗೂ ಮನುಷ್ಯನೇ ಹೇಳಬೇಕು. ರೊಟ್ಟಿ ಎಷ್ಟು, ಅನ್ನ ಎಷ್ಟು ಎಂದು ಪಿಷ್ಟದ ಗ್ರಾಂ ಲೆಕ್ಕ ಹಾಕಿ, ಉಣ್ಣುವುದಕ್ಕೆ ಹತ್ತು ಹದಿನೈದು ನಿಮಿಷ ಮೊದಲೇ ಗುಂಡಿ ಒತ್ತಬೇಕು.

ಇದರಿಂದ ಪ್ರಯೋಜನ ಎಷ್ಟು? 2020ರಲ್ಲಿ ಪ್ರಕಟವಾದ ಅಮೆರಿಕದ ಪ್ರಯೋಗವೊಂದರಲ್ಲಿ 6ರಿಂದ 13 ವರ್ಷದ 101 ಮಕ್ಕಳನ್ನು 16 ವಾರ ಗಮನಿಸಲಾಯಿತು. ತಾನೇ ಏರಿಳಿಸುವ ಪಂಪು ಹಾಕಿದವರು ದಿನದಲ್ಲಿ 70ರಿಂದ 180ರ ನಡುವೆ ಇದ್ದ ಸಮಯ ಶೇಕಡ 53ರಿಂದ 67ಕ್ಕೆ ಏರಿತು. ಸಂವೇದಕವಿದ್ದೂ ಪಂಪು ತಾನಾಗಿ ತಿದ್ದದ ಗುಂಪಿನಲ್ಲಿ 51ರಿಂದ 55ಕ್ಕೆ. ವ್ಯತ್ಯಾಸ ದಿನಕ್ಕೆ ಸುಮಾರು ಎರಡೂವರೆ ಗಂಟೆ. 2008ರ ಇನ್ನೊಂದು ಪ್ರಯೋಗ ನನಗೆ ಇದಕ್ಕಿಂತ ಮುಖ್ಯವೆನಿಸುತ್ತದೆ. ಅದರಲ್ಲಿ 25 ವರ್ಷ ಮೀರಿದವರಿಗೆ ಸಂವೇದಕದಿಂದ ಸ್ಪಷ್ಟ ಲಾಭವಾಯಿತು, 8ರಿಂದ 14ರ ಮಕ್ಕಳಲ್ಲಿ ಸರಾಸರಿ ಗ್ಲೂಕೋಸ್ ಮಟ್ಟದಲ್ಲಿ ಅಷ್ಟು ವ್ಯತ್ಯಾಸ ಕಾಣಲಿಲ್ಲ. ವಾರಕ್ಕೆ ಕನಿಷ್ಠ ಆರು ದಿನ ಸಂವೇದಕ ಧರಿಸಿದವರು ಹಿರಿಯರಲ್ಲಿ ಶೇಕಡ 83 ಇದ್ದರೆ ಈ ಮಕ್ಕಳಲ್ಲಿ 50, ಹದಿನೈದರಿಂದ ಇಪ್ಪತ್ನಾಲ್ಕರವರಲ್ಲಿ 30 ಮಾತ್ರ. ಅಂದಿನ ಸಂವೇದಕಗಳು ದಪ್ಪ, ಕಿರಿಕಿರಿ ಹೆಚ್ಚು. ಆದರೆ ತೋಳಿನ ಮೇಲೆ ಗುಂಡಿಯಂಥದೊಂದು ಕಂಡರೆ ಗೆಳೆಯರು ಏನೆಂದಾರು ಎಂಬ ಅಳುಕೂ ಅಲ್ಲಿ ಕೆಲಸ ಮಾಡಿರಬೇಕು. ಆ ಅಳುಕು ನಮ್ಮ ಊರುಗಳಲ್ಲಿ ಇನ್ನೂ ಹೆಚ್ಚು.

ನಮ್ಮ ಬಿಸಿಲು

ಯಾದಗಿರಿ ಜಿಲ್ಲೆಯ ಏಪ್ರಿಲ್-ಮೇ ತಿಂಗಳ ಬಿಸಿಲು 40 ಡಿಗ್ರಿ ಸೆಲ್ಸಿಯಸ್ ದಾಟುವುದು ಸಾಮಾನ್ಯ. ಸಂವೇದಕ ಇದನ್ನು ಹೇಗೋ ತಾಳುತ್ತದೆ. ಬಳಕೆಯಲ್ಲಿರುವ ಲಿಬ್ರೆಯಂಥ ಸಂವೇದಕಗಳ ಮಿತಿ 10ರಿಂದ 45 ಡಿಗ್ರಿ. ಬೆವರಿಗೆ ಅಂಟು ಬಿಡದಂತೆ ಸುತ್ತ ಪಟ್ಟಿ ಹಚ್ಚಿದರಾಯಿತು. ಕಷ್ಟ ಇರುವುದು ಇನ್ಸುಲಿನ್ನಿಗೆ. ಪಂಪಿನಲ್ಲಿ ಬಳಸುವ ಇನ್ಸುಲಿನ್ 37 ಡಿಗ್ರಿಗಿಂತ ಮೇಲೆ ಕಾದರೆ ಅದನ್ನು ಚೆಲ್ಲಬೇಕೆಂದು ತಯಾರಕರೇ ಹೇಳುತ್ತಾರೆ. ಹೊಲದಲ್ಲೋ ಬಸ್ ನಿಲ್ದಾಣದಲ್ಲೋ ನೇರ ಬಿಸಿಲಿಗೆ ಒಡ್ಡಿದ ಕಪ್ಪು ಪಂಪು ಗಾಳಿಗಿಂತಲೂ ಹೆಚ್ಚು ಕಾಯುತ್ತದೆ. ಅದನ್ನು ಅಂಗಿಯ ಒಳಗೆ, ತಿಳಿಬಣ್ಣದ ಹತ್ತಿಬಟ್ಟೆಯ ಚೀಲದಲ್ಲಿ ಇಡುವುದು ಲೇಸು.

ಇನ್ಸುಲಿನ್ ಕೆಟ್ಟರೆ ಬಣ್ಣ ಬದಲಾಗಲೇಬೇಕೆಂದಿಲ್ಲ. ಸಂವೇದಕದ ರೇಖೆಯೇ ಮೊದಲ ಸೂಚನೆ: ಕಾರಣವಿಲ್ಲದೆ ಮೇಲೇರುತ್ತದೆ, ತಿದ್ದಿದರೂ ಇಳಿಯುವುದಿಲ್ಲ. ನಳಿಕೆ ಮಡಚಿಕೊಂಡರೂ ಹೀಗೆಯೇ ಕಾಣುತ್ತದೆ. ಪಂಪಿನ ಮಗುವಿಗೆ ದೀರ್ಘಕಾಲದ ಇನ್ಸುಲಿನ್ ಚರ್ಮದಡಿ ಶೇಖರವಾಗಿರುವುದಿಲ್ಲ. ಹರಿವು ನಿಂತರೆ ಕೆಲವೇ ಗಂಟೆಗಳಲ್ಲಿ ರಕ್ತದಲ್ಲಿ ಕೀಟೋನುಗಳು ಏರಿ, ವಾಂತಿ, ಹೊಟ್ಟೆನೋವು, ಏದುಸಿರು ಶುರುವಾಗುತ್ತವೆ. ಇವನ್ನು ಬಿಸಿಲಿನ ಬಾಧೆಯೆಂದೋ ಅಜೀರ್ಣವೆಂದೋ ತಿಳಿದು ಕಾಲ ಕಳೆದರೆ ಪ್ರಾಣಕ್ಕೆ ಸಂಚಕಾರ. 250ಕ್ಕಿಂತ ಮೇಲಿರುವ ಮಟ್ಟ ಪಂಪಿನಿಂದ ತಿದ್ದಿದ ಮೇಲೂ ಒಂದೆರಡು ಗಂಟೆಯಲ್ಲಿ ಇಳಿಯದಿದ್ದರೆ ಕೀಟೋನ್ ಪರೀಕ್ಷಿಸಿ, ಇನ್ಸುಲಿನ್ನನ್ನು ಸಿರಿಂಜಿನಿಂದಲೇ ಕೊಟ್ಟು, ಹೊಸ ನಳಿಕೆಯನ್ನೂ ಹೊಸ ಇನ್ಸುಲಿನ್ನನ್ನೂ ಹಾಕಬೇಕು. ವಾಂತಿಯಾದರೆ ಆಸ್ಪತ್ರೆ. ಎಷ್ಟೇ ದುಬಾರಿ ಪಂಪು ಇದ್ದರೂ ಶಾಲೆಯ ಚೀಲದಲ್ಲಿ ಒಂದು ಸಿರಿಂಜು ಇರಲೇಬೇಕು.

ಫ್ರಿಜ್ಜಿನಿಂದ ತೆಗೆದ ತಣ್ಣನೆಯ ಇನ್ಸುಲಿನ್ನನ್ನು ಕೂಡಲೇ ಪಂಪಿಗೆ ತುಂಬಬಾರದು. ದ್ರವ ಬೆಚ್ಚಗಾದಂತೆ ಅದರಲ್ಲಿ ಕರಗಿದ ಗಾಳಿ ಹೊರಬಂದು ಗುಳ್ಳೆಗಳಾಗುತ್ತವೆ. 5 ಮೈಕ್ರೊಲೀಟರಿನ ಒಂದು ಗುಳ್ಳೆ ನಮ್ಮ ಮಗುವಿನ ಎರಡು ಗಂಟೆಯ ಹಿನ್ನೆಲೆ ಇನ್ಸುಲಿನ್ನನ್ನು ನುಂಗುತ್ತದೆ. ಫ್ರಿಜ್ಜು ಇಲ್ಲದ, ಅಥವಾ ಕರೆಂಟು ನಿಲ್ಲದ ಮನೆಗಳಲ್ಲಿ ಗಡಿಗೆಯ ವಿದ್ಯೆ ಈಗಲೂ ಬಳಕೆಗೆ ಬರುತ್ತದೆ. ದೊಡ್ಡ ಗಡಿಗೆಯೊಳಗೆ ಸಣ್ಣ ಗಡಿಗೆ, ನಡುವೆ ಒದ್ದೆ ಮರಳು, ಒಳಗೆ ನೀರು ತಾಗದ ಡಬ್ಬಿಯಲ್ಲಿ ಬಾಟಲಿ. ಹೊರಗೆ 40 ಡಿಗ್ರಿ, ತೇವಾಂಶ ಶೇಕಡ 20 ಇದ್ದರೆ ಒದ್ದೆ ಬಲ್ಬಿನ ಉಷ್ಣತೆ ಸುಮಾರು 23 ಡಿಗ್ರಿ. ಗಡಿಗೆ ಅಷ್ಟಕ್ಕೆ ಇಳಿಯದಿದ್ದರೂ ಅದರ ಹತ್ತಿರ ಹೋಗುತ್ತದೆ. ಗಾಳಿಯಾಡುವ ನೆರಳಿನಲ್ಲಿಡಬೇಕು. ಕರಾವಳಿಯ ಒದ್ದೆ ಹವೆಯಲ್ಲಿ ಇಷ್ಟು ತಣ್ಣಗಾಗದು. ಒಣ ಬಿಸಿಲಿನ ಸಗರನಾಡಿಗೆ ನಿಸರ್ಗ ಕೊಟ್ಟ ಸಣ್ಣ ರಿಯಾಯಿತಿ ಇದು!

ಹಬ್ಬದ ದಿನಗಳ ರೇಖೆ ಬೇರೆಯೇ. ಎಳ್ಳ ಅಮಾವಾಸ್ಯೆಯ ದಿನ ಹೊಲದಲ್ಲಿ ಹೋಳಿಗೆ, ಕಡುಬು, ಸಜ್ಜೆ ರೊಟ್ಟಿ ಉಂಡು ಮಕ್ಕಳು ಸಂಜೆಯವರೆಗೆ ಕುಣಿಯುತ್ತಾರೆ. ಸಿಹಿಗೆ ಹೆದರಿ ಹಿರಿಯರು ಇನ್ಸುಲಿನ್ ಹೆಚ್ಚಿಸುತ್ತಾರೆ. ಆದರೆ ದಣಿದ ಸ್ನಾಯುಗಳು ತಮ್ಮ ಖಾಲಿಯಾದ ಗ್ಲೈಕೊಜನ್ನನ್ನು ತುಂಬಿಕೊಳ್ಳಲು ರಾತ್ರಿಯಿಡೀ ಗ್ಲೂಕೋಸ್ ಎಳೆಯುತ್ತವೆ. ಹೋಳಿಗೆಯ ಏರಿಕೆ ಮಧ್ಯಾಹ್ನ, ಆಟದ ಇಳಿತ ನಸುಕಿನ ಎರಡು ಗಂಟೆಗೆ. ಅಂದು ರಾತ್ರಿ ಎಚ್ಚರಿಕೆಯ ಗಂಟೆಯನ್ನು ಸ್ವಲ್ಪ ಮೇಲಿನ ಅಂಕಿಗೆ ಇಡುವುದು ಕ್ಷೇಮ.

ಹಣ ಮತ್ತು ಪರೀಕ್ಷೆ

ಎರಡು ವಾರದ ಒಂದು ಸಂವೇದಕಕ್ಕೆ ನಾಲ್ಕೈದು ಸಾವಿರ ರೂಪಾಯಿ. ವರ್ಷಕ್ಕೆ 26 ಬೇಕು, ಲಕ್ಷ ದಾಟುತ್ತದೆ. ತಾನೇ ತಿದ್ದುವ ಪಂಪಿಗೆ ಹಲವು ಲಕ್ಷ, ಮೇಲೆ ತಿಂಗಳ ಖರ್ಚು. ಎರಡು ಮೂರು ಎಕರೆಯ ಹೊಲದವರಿಗೆ ಇದು ಎಟುಕುವುದಿಲ್ಲ. ಒಂದನ್ನೇ ಆರಿಸಬೇಕಾದರೆ ಪಂಪಿಗಿಂತ ಮೊದಲು ಸಂವೇದಕ ಎಂಬುದು ನನ್ನ ಅಭಿಪ್ರಾಯ. ಸಿರಿಂಜಿನ ಮಗುವಿಗೂ ಬಾಣ ಬೇಕು. ವರ್ಷವಿಡೀ ಆಗದಿದ್ದರೆ ಎರಡು ಮೂರು ತಿಂಗಳಿಗೊಮ್ಮೆ ಹದಿನಾಲ್ಕು ದಿನ ಹಾಕಿ, ಆ ರೇಖೆಗಳನ್ನು ವೈದ್ಯರೆದುರು ಹರವಿ ಇನ್ಸುಲಿನ್ ಪ್ರಮಾಣ ಸರಿಪಡಿಸಿಕೊಳ್ಳಬಹುದು. ಉಳಿದ ದಿನಗಳಿಗೆ ಬೆರಳ ಪಟ್ಟಿ ಬಿಡುವಂತಿಲ್ಲ.

ಸರ್ಕಾರದಿಂದ ಆಗುವುದಿಲ್ಲವೆಂದಲ್ಲ. ನೆರೆಯ ಕೇರಳದಲ್ಲಿ 2018ರಲ್ಲಿ ಆರಂಭವಾದ 'ಮಿಠಾಯಿ' ಯೋಜನೆ ಮೊದಲನೆಯ ವಿಧದ ಮಧುಮೇಹದ ಮಕ್ಕಳಿಗೆ ಇನ್ಸುಲಿನ್ ಮಾತ್ರವಲ್ಲ, ಸಂವೇದಕ ಮತ್ತು ಪಂಪುಗಳನ್ನೂ ತನ್ನ ವ್ಯಾಪ್ತಿಗೆ ತಂದಿದೆ. ಕಾಸರಗೋಡಿನ ಕನ್ನಡ ಮಕ್ಕಳೂ ಅದರ ವ್ಯಾಪ್ತಿಯವರೇ. ಗಡಿಯ ಈಚೆಗಿನ ಮಗುವಿಗೂ ಅದೇ ಕಾಯಿಲೆ. ನಮ್ಮಲ್ಲಿ ಬೆಂಗಳೂರಿನ ಕರ್ನಾಟಕ ಇನ್‌ಸ್ಟಿಟ್ಯೂಟ್ ಆಫ್ ಎಂಡೊಕ್ರೈನಾಲಜಿ ಅಂಡ್ ರಿಸರ್ಚ್ ಸರ್ಕಾರದ ಸ್ವಾಯತ್ತ ಸಂಸ್ಥೆಯಾಗಿ ಮಧುಮೇಹಕ್ಕೆ ಚಿಕಿತ್ಸೆ ನೀಡುತ್ತಿದೆ. ಆದರೆ ಸುರಪುರದಿಂದ ಅದು ಒಂದು ರಾತ್ರಿಯ ಪ್ರಯಾಣ. ಯಾದಗಿರಿಯಲ್ಲಿಯೇ ಈಗ ವೈದ್ಯಕೀಯ ಕಾಲೇಜು ಇರುವಾಗ ರೇಖೆ ಓದಿ ಹೇಳುವ ಒಂದು ಮಕ್ಕಳ ಮಧುಮೇಹ ಚಿಕಿತ್ಸಾಲಯ, ವಾರಕ್ಕೊಂದು ದಿನವಾದರೂ, ಅಲ್ಲಿ ನಡೆಯಬೇಕೆಂದು ಕೇಳುವುದು ಅತಿಯಾಸೆಯಲ್ಲ.

ಹತ್ತನೆಯ ತರಗತಿಯ ಪರೀಕ್ಷೆಯ ವಿಷಯವನ್ನು ಇಲ್ಲಿ ಹೇಳಲೇಬೇಕು. ಮಧುಮೇಹದ ವಿದ್ಯಾರ್ಥಿಗಳು ಮಾತ್ರೆ, ಹಣ್ಣು, ತಿಂಡಿ, ನೀರು ಒಯ್ಯಬಹುದೆಂದು ಕೇಂದ್ರೀಯ ಪ್ರೌಢಶಿಕ್ಷಣ ಮಂಡಳಿ 2017ರಲ್ಲಿಯೇ ಸುತ್ತೋಲೆ ಹೊರಡಿಸಿತ್ತು. 2023ರಲ್ಲಿ ರಾಷ್ಟ್ರೀಯ ಮಕ್ಕಳ ಹಕ್ಕುಗಳ ರಕ್ಷಣಾ ಆಯೋಗ ಎಲ್ಲ ರಾಜ್ಯಗಳಿಗೂ ಪತ್ರ ಬರೆದು, ಸಂವೇದಕ ಮತ್ತು ಪಂಪುಗಳನ್ನು ಪರೀಕ್ಷಾ ಕೊಠಡಿಯಲ್ಲಿ ಇಟ್ಟುಕೊಳ್ಳಲು ಬಿಡಬೇಕೆಂದು ಹೇಳಿತು. ಕೊಠಡಿ ಮೇಲ್ವಿಚಾರಕರಿಗೆ ಇದು ತಿಳಿದಿರುತ್ತದೆಂದು ನಂಬಿ ಕೂರಬಾರದು. ತೋಳಿನ ಮೇಲಿನ ಬಿಲ್ಲೆಯನ್ನು ನಕಲು ಸಾಧನವೆಂದು ತಿಳಿದು ಕೀಳಲು ಹೇಳಿದರೆ ಆ ಗಾಬರಿಯಲ್ಲಿಯೇ ಮಗುವಿನ ಗ್ಲೂಕೋಸ್ ಏರುತ್ತದೆ. ಪರೀಕ್ಷೆಗೆ ತಿಂಗಳು ಮೊದಲೇ ವೈದ್ಯರ ಪತ್ರದೊಡನೆ ಮುಖ್ಯೋಪಾಧ್ಯಾಯರನ್ನು ಕಂಡು, ಕ್ಷೇತ್ರ ಶಿಕ್ಷಣಾಧಿಕಾರಿಗಳ ಕಚೇರಿಯಿಂದ ಲಿಖಿತ ಅನುಮತಿ ಪಡೆದಿಟ್ಟುಕೊಳ್ಳಬೇಕು. ಸಂವೇದಕವನ್ನು ಮೊಬೈಲಿನಲ್ಲಿ ಓದುತ್ತಿದ್ದರೆ ಅಂದಿನ ಮಟ್ಟಿಗೆ ಪ್ರತ್ಯೇಕ ರೀಡರ್ ಸಾಧನ ಒಯ್ಯುವುದು ಅಥವಾ ಮೊಬೈಲನ್ನು ಮೇಲ್ವಿಚಾರಕರ ಮೇಜಿನ ಮೇಲಿಟ್ಟು ಎಚ್ಚರಿಕೆಯ ಗಂಟೆ ಕೇಳುವಂತೆ ಮಾಡುವುದು, ಎರಡರಲ್ಲಿ ಒಂದನ್ನು ಆ ಪತ್ರದಲ್ಲಿಯೇ ಬರೆಸಬೇಕು.